ಅಯಸ್ಕಾಂತ ಹಿಡಿಕೆ, ಇದ್ದಿಲು ಸೌಟು: ನೀರಿನ ಬಣ್ಣ ತೆಗೆಯುವ ಕಾಂತೀಯ ನ್ಯಾನೊಪುಡಿ ಮಾಡುವ, ಅಳೆಯುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಈ ಪುಡಿ ಮಾಡಿದಾಗ ಅಭ್ಯಾಸಬಲದಿಂದ ಬೀಕರಿಗೆ ಮ್ಯಾಗ್ನೆಟಿಕ್ ಸ್ಟರರಿನ ಬಿಳಿ ಗುಳಿಗೆ, ಒಳಗೆ ಕಾಂತವಿದ್ದು ತಿರುಗುತ್ತ ದ್ರಾವಣ ಕಲಕುವಂಥದ್ದು, ಹಾಕಿಬಿಟ್ಟಿದ್ದೆ. ಅಮೋನಿಯಾ ಬಿತ್ತು, ದ್ರಾವಣ ಕಪ್ಪಾಯಿತು, ಖುಷಿಯಾಯಿತು. ಸ್ಟರರ್ ನಿಲ್ಲಿಸಿ ನೋಡಿದರೆ ನನ್ನ ಉತ್ಪನ್ನವೆಲ್ಲ ಗುಳಿಗೆಯ ಸುತ್ತ ಮುಳ್ಳುಹಂದಿಯ ಹಾಗೆ ಎದ್ದು ಕೂತಿತ್ತು. ಕೆರೆದು ತೆಗೆಯೋಕೆ ಒಂದು ಮಧ್ಯಾಹ್ನ ಹೋಯಿತು. ಆದ್ದರಿಂದ ಈ ಬರಹದ ಮೊದಲ ಸೂಚನೆ ಇದು: ಕಾಂತೀಯ ಪುಡಿಯನ್ನು ಕಾಂತದಿಂದ ಕಲಕಬೇಡಿ. ಗಾಜಿನ ಕಡ್ಡಿಯಾದರೂ ಆದೀತು, ಮೇಲಿಂದ ಇಳಿಬಿಡುವ ಮೋಟಾರ್ ಸ್ಟರರ್ ಇದ್ದರೆ ಇನ್ನೂ ಒಳ್ಳೆಯದು.

ಪದವಿ, ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಜೆಕ್ಟ್ ಮಾಡುವವರು, ಅವರಿಗೆ ಕಲಿಸುವವರು, ರಸಾಯನಶಾಸ್ತ್ರದ ಪ್ರಯೋಗಾಲಯ ಕೈಗೆಟಕುವ ಯಾರೇ ಆಗಲಿ, ಅವರಿಗೋಸ್ಕರ ಇದನ್ನು ಬರೆದಿದ್ದೇನೆ. ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ. ಬಿಸಿ ದ್ರಾವಣಕ್ಕೆ ಅಮೋನಿಯಾ ಹಾಕುವ ಕೆಲಸವಿದೆ, ಹೊಗೆ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಬೇಕೇ ಬೇಕು. ಕೊನೆಗೆ ಸಿಗುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯುವ ನೀರಲ್ಲ.

ಏನು ಮಾಡುತ್ತೇವೆ, ಯಾಕೆ

ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದು ಮ್ಯಾಗ್ನಟೈಟ್ ಅದಿರು. ಕಪ್ಪು, ತೂಕದ್ದು, ಸೂಜಿಗಲ್ಲಿಗೆ ಹಾರಿ ಅಂಟುವಂಥದ್ದು. ಅದೇ ಸಂಯುಕ್ತವನ್ನು ಬೀಕರಿನಲ್ಲಿ ಸುಮಾರು 10 ನ್ಯಾನೊಮೀಟರ್ ಗಾತ್ರದ ಕಣಗಳಾಗಿ ನಾವೇ ಮಾಡಬಹುದು. ಇಷ್ಟು ಸಣ್ಣದಾದಾಗ ಎರಡು ಲಾಭ. ಒಂದು, ಕಾಂತ ಹತ್ತಿರ ಬಂದರೆ ಎಳೆಸಿಕೊಳ್ಳುತ್ತವೆ, ದೂರ ಹೋದರೆ ತಮ್ಮ ಕಾಂತತ್ವ ಮರೆತುಬಿಡುತ್ತವೆ. ಹಾಗಾಗಿ ಒಂದಕ್ಕೊಂದು ಕಚ್ಚಿಕೊಂಡು ಗಂಟಾಗಿಯೇ ಉಳಿಯದೆ ಮತ್ತೆ ನೀರಿನಲ್ಲಿ ಬೆರೆಯುತ್ತವೆ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎನ್ನುತ್ತಾರೆ. ಎರಡು, ಮೈ ದೊಡ್ಡದು. 10 ನ್ಯಾನೊಮೀಟರಿನ ದುಂಡು ಕಣಗಳು ಒಂದು ಗ್ರಾಂ ಇದ್ದರೆ ಅವುಗಳ ಒಟ್ಟು ಹೊರಮೈ ಲೆಕ್ಕದ ಪ್ರಕಾರ ಸುಮಾರು 115 ಚದರ ಮೀಟರ್. ಬೆಂಗಳೂರಿನ ಒಂದು 30×40 ಸೈಟು!

ಸೈಟು ಸಿಕ್ಕಿತು ಅಂತ ಹಿಗ್ಗಬೇಡಿ. ಒಳ್ಳೆಯ ಆಕ್ಟಿವೇಟೆಡ್ ಇದ್ದಿಲಿನ ಒಂದು ಗ್ರಾಂನಲ್ಲಿ 500ರಿಂದ 1,500 ಚದರ ಮೀಟರ್ ಮೈ ಇರುತ್ತದೆ, ಅಂದರೆ ನಾಲ್ಕೈದರಿಂದ ಹದಿಮೂರು ಸೈಟು. ಈ ಕಾರಣಕ್ಕೇ ನಾನು ಬರೀ ಮ್ಯಾಗ್ನಟೈಟ್ ಬಳಸಲು ಹೇಳುವುದಿಲ್ಲ. ಬಣ್ಣದ ಅಣುಗಳು ಬಂದು ಅಂಟುವುದು ಇದ್ದಿಲಿನ ಮೈಗೆ. ಮ್ಯಾಗ್ನಟೈಟಿನ ಕೆಲಸ, ಮುಗಿದ ಮೇಲೆ ಆ ಇದ್ದಿಲನ್ನು ನೀರಿನಿಂದ ಎತ್ತಿಕೊಡುವುದು. ನುಣ್ಣನೆಯ ಇದ್ದಿಲ ಪುಡಿಯನ್ನು ನೀರಿನಿಂದ ಸೋಸುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಸೋಸಿದವರಿಗೆ ಗೊತ್ತು. ಸಾರು ತುಂಬಿಕೊಳ್ಳೋದು ಸೌಟು, ಹಿಡಿಕೆ ಇಲ್ಲದಿದ್ದರೆ ಕೈ ಸುಡುತ್ತೆ. ಎಷ್ಟೋ ಪ್ರಾಜೆಕ್ಟ್ ವರದಿಗಳು ಹಿಡಿಕೆಯನ್ನೇ ಸೌಟು ಎಂದು ತಿಳಿದು ಬರೆದಂತಿರುತ್ತವೆ.

ಕಲ್ಪನೆ ಹೊಸದೂ ಅಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ರೂಪಿಸಿದ ಸಿರೊಫ್ಲಾಕ್ ಎಂಬ ವಿಧಾನದಲ್ಲಿ ಮ್ಯಾಗ್ನಟೈಟ್ ಪುಡಿ ಬಳಸಿ ಕುಡಿಯುವ ನೀರಿನ ಬಣ್ಣ, ಕೆಸರು ತೆಗೆಯುತ್ತಿದ್ದರು. 1980ರ ದಶಕದಲ್ಲಿ ಪರ್ತ್ ನಗರದಲ್ಲಿ ಅದರ ಸ್ಥಾವರವೇ ಇತ್ತು. ತುಸು ಆಮ್ಲೀಯ ನೀರಿನಲ್ಲಿ ಮ್ಯಾಗ್ನಟೈಟಿನ ಮೈ ಧನ ಆವೇಶ ಪಡೆದು ಋಣ ಆವೇಶದ ಕೊಳೆಯನ್ನು ಹಿಡಿಯುತ್ತದೆ, ಕ್ಷಾರದಲ್ಲಿ ತೊಳೆದರೆ ಬಿಟ್ಟುಕೊಡುತ್ತದೆ, ಮತ್ತೆ ಬಳಸು. ಅಲ್ಲಿನ ಕಣಗಳು ಮೈಕ್ರಾನ್ ಗಾತ್ರದವು, ನ್ಯಾನೊ ಅಲ್ಲ. ಆದರೆ ಆವೇಶದ ಆ ಪಾಠ ನಮಗೂ ಬೇಕು.

ಯಾವ ಬಣ್ಣ ಆರಿಸಬೇಕು

ಬಹಳ ಮಂದಿ ಕಾಂಗೊ ರೆಡ್ ಆರಿಸುತ್ತಾರೆ. ಅದು ಋಣ ಆವೇಶದ ಬಣ್ಣವಾದ್ದರಿಂದ ಬರೀ ಮ್ಯಾಗ್ನಟೈಟಿಗೂ ಸುಲಭವಾಗಿ ಅಂಟುತ್ತದೆ, ಫಲಿತಾಂಶ ಚೆನ್ನಾಗಿ ಬರುತ್ತದೆ. ಆದರೆ ಅದು ಬೆಂಜಿಡೀನ್ ಮೂಲದ ಬಣ್ಣ, ಬೆಂಜಿಡೀನ್ ಕ್ಯಾನ್ಸರ್ ತರುವ ವಸ್ತು. ಜೊತೆಗೆ ಆಮ್ಲ ಹೆಚ್ಚಾದರೆ ಕಾಂಗೊ ರೆಡ್ ನೀಲಿಗೆ ತಿರುಗುತ್ತದೆ, ಪಿಎಚ್ ಬದಲಿಸಿ ಮಾಡುವ ಪ್ರಯೋಗದಲ್ಲಿ ಲೆಕ್ಕವೆಲ್ಲ ಕೆಡುತ್ತದೆ. ಕಲಿಯುವವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ.

ನನ್ನ ಆಯ್ಕೆ ಮಿಥಿಲೀನ್ ಬ್ಲೂ. ಜೀವಶಾಸ್ತ್ರದ ಲ್ಯಾಬಿನಲ್ಲಿ ಸ್ಲೈಡಿಗೆ ಹಾಕುವ ಅದೇ ನೀಲಿ. ಧನ ಆವೇಶದ್ದು, 664 ನ್ಯಾನೊಮೀಟರಿನಲ್ಲಿ ಬಲವಾಗಿ ಬೆಳಕು ಹೀರುತ್ತದೆ, ಆದ್ದರಿಂದ ಅಳೆಯುವುದು ಸುಲಭ. ಬರೀ ಮ್ಯಾಗ್ನಟೈಟ್ ಇದನ್ನು ಸರಿಯಾಗಿ ಹಿಡಿಯುವುದಿಲ್ಲ, ಇದ್ದಿಲು ಹಿಡಿಯುತ್ತದೆ. ಹಿಡಿಕೆ ಯಾವುದು, ಸೌಟು ಯಾವುದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಬಣ್ಣ ಸಿಗದು.

ಬೇಕಾದ ಸಾಮಾನು

ಆರು ನೀರಿನಣುಗಳಿರುವ ಫೆರಿಕ್ ಕ್ಲೋರೈಡ್ 5.4 ಗ್ರಾಂ. ಏಳು ನೀರಿನಣುಗಳಿರುವ ಫೆರಸ್ ಸಲ್ಫೇಟ್, ಅಂದರೆ ನಮ್ಮ ಅನ್ನಭೇದಿ, 2.8 ಗ್ರಾಂ. ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಇದ್ದಿಲು, ನುಣ್ಣಗೆ ಪುಡಿಯಾದದ್ದು, 4.6 ಗ್ರಾಂ. ಶೇ. 25ರ ಅಮೋನಿಯಾ ದ್ರಾವಣ ಸುಮಾರು 40 ಮಿ.ಲೀ. ಡಿಸ್ಟಿಲ್ಡ್ ನೀರು ಧಾರಾಳವಾಗಿ. ಮಿಥಿಲೀನ್ ಬ್ಲೂ. ಪಿಎಚ್ ಮೀಟರ್, ಓವನ್, ಶೇಕರ್, ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೊಫೋಟೋಮೀಟರ್. ಕೈಗವಸು, ಕನ್ನಡಕ, ಮತ್ತು ಒಣಗಿದ ಪುಡಿ ಅರೆಯುವಾಗ ಧೂಳು ತಡೆಯುವ ಒಳ್ಳೆಯ ಮಾಸ್ಕ್. ನ್ಯಾನೊಪುಡಿಯನ್ನು ಉಸಿರಿನೊಳಗೆ ಬಿಟ್ಟುಕೊಳ್ಳಬಾರದು.

ಕಾಂತಕ್ಕೆ ದುಡ್ಡು ಸುರಿಯಬೇಕಿಲ್ಲ. ಕೆಟ್ಟುಹೋದ ಹಾರ್ಡ್ ಡಿಸ್ಕ್ ಬಿಚ್ಚಿದರೆ ಒಳಗೆ ಬಾಳೆಕಾಯಿ ಆಕಾರದ ಎರಡು ನಿಯೋಡಿಮಿಯಂ ಕಾಂತಗಳು ಸಿಗುತ್ತವೆ. ಎರಡರ ನಡುವೆ ಬೆರಳು ಸಿಕ್ಕರೆ ರಕ್ತ ಬರುತ್ತೆ, ಹುಷಾರು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದಲ್ಲೂ ಇಡಬೇಡಿ, ತೂಕ ಸುಳ್ಳು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯ, ಕಾಂತವನ್ನು ಸದಾ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಬಳಸಿ. ಬರಿಮೈ ಕಾಂತಕ್ಕೆ ಈ ಪುಡಿ ಒಮ್ಮೆ ಹತ್ತಿತೆಂದರೆ ಜನ್ಮದಲ್ಲಿ ಬಿಡುವುದಿಲ್ಲ.

ಇದ್ದಿಲಿನ ವಿಷಯದಲ್ಲಿ ಒಂದು ಮಾತು. ತಿಪಟೂರು, ಅರಸೀಕೆರೆ ಕಡೆಯವರಿಗೆ ಚಿಪ್ಪಿಗೆ ಬರವಿಲ್ಲ, ಸುಟ್ಟು ಇದ್ದಿಲು ಮಾಡಿಕೊಂಡು ಬರುತ್ತೇವೆ ಎನ್ನುತ್ತಾರೆ. ಸುಟ್ಟ ಚಿಪ್ಪು ಬರೀ ಇದ್ದಿಲು. ಅದನ್ನು ಹೆಚ್ಚು ಶಾಖದಲ್ಲಿ ಹಬೆಯಿಂದಲೋ, ಫಾಸ್ಫಾರಿಕ್ ಆಮ್ಲದಂಥ ರಾಸಾಯನಿಕದಿಂದಲೋ ಸಂಸ್ಕರಿಸಿ ಒಳಗೆ ಸಣ್ಣ ರಂಧ್ರಗಳನ್ನು ತೆರೆದಾಗ ಮಾತ್ರ ಆಕ್ಟಿವೇಟೆಡ್ ಆಗುತ್ತದೆ. ಮೊದಲ ಪ್ರಯೋಗಕ್ಕೆ ಅಂಗಡಿಯದ್ದೇ ಕೊಳ್ಳಿ. ತಂದದ್ದನ್ನು ಡಿಸ್ಟಿಲ್ಡ್ ನೀರಿನಲ್ಲಿ ಬೂದಿಯ ಅಂಶ ಹೋಗುವಂತೆ ನಾಲ್ಕೈದು ಸಲ ತೊಳೆದು 105 ಡಿಗ್ರಿಯಲ್ಲಿ ಒಣಗಿಸಿಡಿ.

ಪುಡಿ ಮಾಡುವ ಕ್ರಮ

ಫೆರಸ್, ಫೆರಿಕ್ ಲವಣಗಳನ್ನು ಒಟ್ಟಿಗೆ ಕ್ಷಾರದಲ್ಲಿ ಕೆಡವುವ ಈ ದಾರಿಗೆ ಫ್ರಾನ್ಸಿನ ರೆನೆ ಮಸಾರ್ 1981ರಲ್ಲಿ ಪ್ರಕಟಿಸಿದ ಕೆಲಸದಿಂದ ಹೆಸರು ಬಂತು. ತತ್ವ ಸರಳ: ಎರಡು ಪಾಲು ಫೆರಿಕ್, ಒಂದು ಪಾಲು ಫೆರಸ್, ಎಂಟು ಪಾಲು ಹೈಡ್ರಾಕ್ಸೈಡ್ ಸೇರಿದರೆ ಒಂದು ಪಾಲು ಮ್ಯಾಗ್ನಟೈಟ್, ನಾಲ್ಕು ಪಾಲು ನೀರು. ಮೇಲೆ ಕೊಟ್ಟ ತೂಕಗಳು 20 ಮತ್ತು 10 ಮಿಲಿಮೋಲ್ ಲೆಕ್ಕದವು. ನಷ್ಟವಿಲ್ಲದಿದ್ದರೆ 2.3 ಗ್ರಾಂ ಮ್ಯಾಗ್ನಟೈಟ್ ಬರಬೇಕು, ಇದ್ದಿಲು ಅದರ ಎರಡರಷ್ಟು.

1. ಅನ್ನಭೇದಿಯನ್ನು ಕಣ್ಣಾರೆ ನೋಡಿ. ಹರಳು ತಿಳಿ ನೀಲಿ ಮಿಶ್ರಿತ ಹಸಿರಾಗಿರಬೇಕು. ಮೇಲೆ ಹಳದಿ-ಕಂದು ಪುಡಿ ಕಟ್ಟಿದ್ದರೆ ಫೆರಸ್ ಆಗಲೇ ಫೆರಿಕ್ ಆಗಿದೆ, ನಿಮ್ಮ ಎರಡಕ್ಕೊಂದರ ಲೆಕ್ಕ ತಪ್ಪಿತು. ಕಾಲೇಜು ಲ್ಯಾಬುಗಳ ಹಳೆಯ ಬಾಟಲಿಯಲ್ಲಿ ಹತ್ತಕ್ಕೆ ಐದು ಸಲ ಇದೇ ಕಥೆ. ಹೊಸದು ತರಿಸಿ.

2. 200 ಮಿ.ಲೀ ನೀರನ್ನು ಕಾಲು ಗಂಟೆ ಕುದಿಸಿ, ಮುಚ್ಚಿ ತಣಿಸಿ. ನೀರಲ್ಲಿ ಕರಗಿದ ಆಮ್ಲಜನಕ ಹೋಗಲಿ ಅಂತ. ನೈಟ್ರೋಜನ್ ಸಿಲಿಂಡರ್ ಇದ್ದವರು ಅದನ್ನು ಹಾಯಿಸಬಹುದು.

3. ಆ ನೀರಿನಲ್ಲಿ ಎರಡೂ ಲವಣ ಕರಗಿಸಿ, ಇದ್ದಿಲು ಸೇರಿಸಿ, ಅರ್ಧ ಗಂಟೆ ಕಲಕಿ. ಇದ್ದಿಲಿನ ರಂಧ್ರಗಳೊಳಗೆ ದ್ರಾವಣ ಇಳಿಯಲು ಸಮಯ ಕೊಡಬೇಕು. ಆಮೇಲೆ 60–70 ಡಿಗ್ರಿಗೆ ಬಿಸಿ ಮಾಡಿ.

4. ಫ್ಯೂಮ್ ಹುಡ್ಡಿನೊಳಗೆ, ಜೋರಾಗಿ ಕಲಕುತ್ತ, ಅಮೋನಿಯಾವನ್ನು ಹನಿಹನಿಯಾಗಿ ಬಿಡಿ. ಪಿಎಚ್ 9.5–10ಕ್ಕೆ ಬರಬೇಕು. ಲೆಕ್ಕದ ಪ್ರಕಾರ 6 ಮಿ.ಲೀ ಸಾಕು. ಆದರೆ ಅಮೋನಿಯಾ ದುರ್ಬಲ ಕ್ಷಾರ, ಬಿಸಿಗೆ ಆವಿಯಾಗಿಯೂ ಹೋಗುತ್ತದೆ. ನಿಜದಲ್ಲಿ 30–40 ಮಿ.ಲೀ ಹಿಡಿಯುತ್ತದೆ. ಇನ್ನೂ 45 ನಿಮಿಷ ಕಲಕುತ್ತಿರಿ.

5. ತಣಿದ ಮೇಲೆ ಬೀಕರಿನ ತಳಕ್ಕೆ ಕಾಂತ ಹಿಡಿದು ಮೇಲಿನ ನೀರು ಬಸಿಯಿರಿ. ಹೊಸ ನೀರು ಹಾಕಿ, ಕಲಕಿ, ಮತ್ತೆ ಬಸಿಯಿರಿ. ಪಿಎಚ್ 7ಕ್ಕೆ ಇಳಿಯುವವರೆಗೆ ಇದೇ ಕೆಲಸ. ಉಪ್ಪು ಹೋಯಿತೇ ಎಂದು ತಿಳಿಯಲು ಬಸಿದ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ ಹಾಕಿ, ನಂತರ ಸಿಲ್ವರ್ ನೈಟ್ರೇಟ್ ಹಾಕಿ. ಬಿಳಿ ಬರಬಾರದು. ಆಮ್ಲ ಮರೆತರೆ ಉಳಿದ ಅಮೋನಿಯಾದಲ್ಲಿ ಸಿಲ್ವರ್ ಕ್ಲೋರೈಡ್ ಕರಗಿಬಿಡುತ್ತದೆ, ತೊಳೆಯದೇ ತೊಳೆದಂತೆ ಕಾಣುತ್ತದೆ.

6. 60 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿ, ಕಲ್ಲಿನಲ್ಲಿ ಮೆಲ್ಲಗೆ ಅರೆದು, ಬಿಗಿ ಮುಚ್ಚಳದ ಬಾಟಲಿಗೆ ತುಂಬಿ. ಬೇಗ ಒಣಗಲಿ ಎಂದು ಶಾಖ ಏರಿಸಿದರೆ ಮ್ಯಾಗ್ನಟೈಟ್ ಗಾಳಿಯೊಡನೆ ಸೇರಿ ಬೇರೆ ಆಕ್ಸೈಡ್ ಆಗುತ್ತ ಹೋಗುತ್ತದೆ.

ಇದೇ ಕ್ರಮದಲ್ಲಿ, ಇದ್ದಿಲು ಹಾಕದೆ, ಬರೀ ಮ್ಯಾಗ್ನಟೈಟ್ ಒಂದು ಸಲ ಮಾಡಿಡಿ. ಮುಂದೆ ಹೋಲಿಕೆಗೆ ಬೇಕು, ಬೇಡ ಎಂದು ಸೋಮಾರಿತನ ಮಾಡಿದರೆ ಇಡೀ ಕೆಲಸಕ್ಕೆ ಅರ್ಥವಿಲ್ಲ. ಅದನ್ನು ಮಾಡುವಾಗಲೇ ಬಣ್ಣ ಬದಲಾಗುವ ಸೊಗಸು ಕಾಣುವುದು: ಕಿತ್ತಳೆ-ಹಳದಿ ದ್ರಾವಣ ಕಂದಾಗಿ, ಕ್ಷಣದಲ್ಲಿ ಮಸಿಯಂತೆ ಕಪ್ಪಾಗುತ್ತದೆ. ಇದ್ದಿಲು ಇರುವ ಬೀಕರ್ ಮೊದಲಿನಿಂದಲೂ ಕಪ್ಪೇ, ಅಲ್ಲಿ ಏನೂ ಕಾಣಿಸದು.

ಕಪ್ಪಿನ ಬದಲು ಕಂದು ಬಂದರೆ? ಕಾಂತಕ್ಕೆ ಚೆನ್ನಾಗಿ ಅಂಟುತ್ತಿದ್ದರೆ ಅದು ಬಹುಶಃ ಮ್ಯಾಗ್ಹೆಮೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್, ಅದೂ ಕಾಂತೀಯವೇ, ಕೆಲಸ ಮುಂದುವರಿಸಬಹುದು. ಅಂಟುವುದೇ ಇಲ್ಲ ಎಂದಾದರೆ ಹಳೆಯ ಅನ್ನಭೇದಿಯ ಮೇಲೆ ಅನುಮಾನ ಪಡಿ. ಮಿಶ್ರಣದ ಬಾಟಲಿಯಲ್ಲಿ ಕಾಂತ ಹಿಡಿದಾಗ ಪುಡಿಯೆಲ್ಲ ಒಂದು ಬದಿಗೆ ಹೋಗಿಯೂ ನೀರು ಬೂದುಬಣ್ಣಕ್ಕೇ ಉಳಿದರೆ, ಹಿಡಿಕೆ ಅಂಟದ ಬಿಡಿ ಇದ್ದಿಲು ಇದೆ ಎಂದರ್ಥ. ಆ ನೀರನ್ನು ಬಸಿದು ಎಸೆಯಿರಿ, ತಿಳಿಯಾಗುವವರೆಗೆ ಬಸಿಯುತ್ತಿರಿ. ಕಾಂತಕ್ಕೆ ಬಂದದ್ದಷ್ಟೇ ನಿಮ್ಮ ಪುಡಿ.

ಮಾಡಿದ್ದು ಅದೇನಾ

ಎಕ್ಸ್-ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಿ. ತಾಮ್ರದ ಎಕ್ಸ್-ರೇ ಬಳಸಿದಾಗ ಸುಮಾರು 30.1, 35.5, 43.1, 53.5, 57.0, 62.6 ಡಿಗ್ರಿಗಳಲ್ಲಿ ಶಿಖರಗಳು ಬರಬೇಕು. 35.5ರದ್ದು ಎಲ್ಲಕ್ಕಿಂತ ಎತ್ತರ. ಅದರ ಅರ್ಧ ಎತ್ತರದಲ್ಲಿ ಅಗಲ ಅಳೆದು ಶೆರರ್ ಸೂತ್ರಕ್ಕೆ ಹಾಕಿದರೆ ಹರಳಿನ ಗಾತ್ರ ಸಿಗುತ್ತದೆ. ಉದಾಹರಣೆಗೆ ಅಗಲ 0.8 ಡಿಗ್ರಿ ಇದ್ದರೆ, ಅದು 0.01396 ರೇಡಿಯನ್, 0.9 ಎಂಬ ಸ್ಥಿರಾಂಕವನ್ನು ಎಕ್ಸ್-ರೇಯ ತರಂಗಾಂತರ 0.15406 ನ್ಯಾನೊಮೀಟರಿನಿಂದ ಗುಣಿಸಿ, 0.01396 ಮತ್ತು 17.75 ಡಿಗ್ರಿಯ ಕೊಸೈನಿನ ಗುಣಲಬ್ಧದಿಂದ ಭಾಗಿಸಿದರೆ 10.4 ನ್ಯಾನೊಮೀಟರ್. ಡಿಗ್ರಿಯನ್ನು ರೇಡಿಯನ್ ಮಾಡದೆ, ಅಥವಾ ಕೋನವನ್ನು ಅರ್ಧ ಮಾಡದೆ ಲೆಕ್ಕ ಹಾಕಿ ವಿಚಿತ್ರ ಗಾತ್ರ ಬರೆದವರನ್ನು ಪ್ರತಿ ವರ್ಷ ನೋಡುತ್ತೇನೆ. ಇನ್ನೊಂದು: ಮ್ಯಾಗ್ನಟೈಟ್, ಮ್ಯಾಗ್ಹೆಮೈಟ್ ಎರಡರ ಶಿಖರಗಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬರುತ್ತವೆ. ಇದೊಂದರ ಬಲದ ಮೇಲೆ ‘ಶುದ್ಧ ಮ್ಯಾಗ್ನಟೈಟ್’ ಎಂದು ಬರೆಯಬೇಡಿ.

ಉಪಕರಣ ಸಿಗದವರು ನಿರಾಶರಾಗಬೇಕಿಲ್ಲ. ಕಾಂತಕ್ಕೆ ಅಂಟುತ್ತದೆಯೇ, ಕಾಂತ ತೆಗೆದರೆ ಮತ್ತೆ ಬೆರೆಯುತ್ತದೆಯೇ, ಎಷ್ಟು ಸೆಕೆಂಡಿಗೆ ನೀರು ತಿಳಿಯಾಗುತ್ತದೆ, ಇವನ್ನು ಬರೆದಿಟ್ಟರೂ ಅರ್ಧ ವಿಷಯ ಗೊತ್ತಾದಂತೆ.

ಮೈಯ ಆವೇಶ ತಿಳಿಯಲು ಪುಕ್ಕಟೆ ಉಪಾಯವೊಂದಿದೆ. 0.01 ಮೋಲಾರ್ ಉಪ್ಪಿನ ನೀರು 50 ಮಿ.ಲೀ ಒಂಬತ್ತು ಬಾಟಲಿಗೆ ಹಾಕಿ, ಪಿಎಚ್ 3ರಿಂದ 11ರವರೆಗೆ ಒಂದೊಂದಕ್ಕೆ ಒಂದೊಂದು ಹೊಂದಿಸಿ. ಪ್ರತಿಯೊಂದಕ್ಕೂ 0.1 ಗ್ರಾಂ ಪುಡಿ ಹಾಕಿ 24 ಗಂಟೆ ಅಲುಗಿಸಿ ಮತ್ತೆ ಪಿಎಚ್ ನೋಡಿ. ಯಾವ ಪಿಎಚ್ ಬದಲಾಗದೆ ಉಳಿಯಿತೋ ಅದು ಶೂನ್ಯ ಆವೇಶದ ಬಿಂದು. ಅದಕ್ಕಿಂತ ಕೆಳಗೆ ಮೈ ಧನ, ಮೇಲೆ ಋಣ. ಬರೀ ಮ್ಯಾಗ್ನಟೈಟಿಗೆ ಇದು ಸಾಮಾನ್ಯವಾಗಿ 6.5ರಿಂದ 8ರೊಳಗೆ ಬರುತ್ತದೆ. ಅಂದರೆ ಸಾಧಾರಣ ನೀರಿನಲ್ಲಿ ಅದರ ಮೈಗೆ ಹೆಚ್ಚೇನೂ ಆವೇಶವಿಲ್ಲ, ಧನ ಆವೇಶದ ಮಿಥಿಲೀನ್ ಬ್ಲೂ ಅಲ್ಲಿ ಯಾಕೆ ನಿಲ್ಲಬೇಕು?

ಅಳತೆಪಟ್ಟಿ

0.5 ಗ್ರಾಂ ಮಿಥಿಲೀನ್ ಬ್ಲೂ 500 ಮಿ.ಲೀ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 1,000 ಮಿ.ಗ್ರಾಂ. ಆದರೆ ಲೇಬಲ್ ಓದಿ. ಮೂರು ನೀರಿನಣು ಇರುವ ರೂಪವಾದರೆ ನೂರು ಗ್ರಾಂ ಪುಡಿಯಲ್ಲಿ ಬಣ್ಣ ಇರುವುದು 85.5 ಗ್ರಾಂ ಮಾತ್ರ.

ಇದರಿಂದ ಲೀಟರಿಗೆ 0.5, 1, 2, 3, 4, 5 ಮಿ.ಗ್ರಾಂ ದ್ರಾವಣಗಳನ್ನು ಮಾಡಿ 664 ನ್ಯಾನೊಮೀಟರಿನಲ್ಲಿ ಅಳೆದು ಗೆರೆ ಎಳೆಯಿರಿ. ಇದಕ್ಕಿಂತ ಗಾಢವಾದರೆ ಬಣ್ಣದ ಅಣುಗಳು ಜೋಡಿಯಾಗುತ್ತವೆ, ಗೆರೆ ಬಾಗುತ್ತದೆ. ಗಾಢ ಮಾದರಿಗಳನ್ನು ಯಾವಾಗಲೂ ತೆಳು ಮಾಡಿಯೇ ಅಳೆಯಿರಿ. ಮಿಥಿಲೀನ್ ಬ್ಲೂಗೆ ಕೆಟ್ಟ ಗುಣವೊಂದಿದೆ, ಸಿಕ್ಕಿದ್ದಕ್ಕೆಲ್ಲ ಅಂಟುವುದು. ಗಾಜಿಗೆ, ಮಾದರಿ ಹಾಕಿ ಅಳೆಯುವ ಪುಟ್ಟ ಪಾತ್ರೆಯಾದ ಕ್ಯುವೆಟ್ಟಿಗೆ, ನಿಮ್ಮ ಉಗುರಿಗೆ. ಕ್ಯುವೆಟ್ಟನ್ನು ಪ್ರತಿ ಸಲ ಆಲ್ಕೋಹಾಲಿನಲ್ಲಿ ತೊಳೆದು, ಖಾಲಿ ನೀರು ಹಾಕಿ ಸೊನ್ನೆ ಬರುತ್ತದೆಯೇ ನೋಡಿ ಮುಂದುವರಿಯಿರಿ.

ಬಣ್ಣ ತೆಗೆಯುವ ಪ್ರಯೋಗ

ಮುಚ್ಚಳವಿರುವ 100 ಮಿ.ಲೀ ಫ್ಲಾಸ್ಕುಗಳಲ್ಲಿ, ಲೀಟರಿಗೆ 50 ಮಿ.ಗ್ರಾಂ ಬಣ್ಣವಿರುವ ನೀರು 50 ಮಿ.ಲೀ ಹಾಕಿ, 25 ಮಿ.ಗ್ರಾಂ ಪುಡಿ ಸೇರಿಸಿ, ಶೇಕರಿನಲ್ಲಿ ನಿಮಿಷಕ್ಕೆ 150 ಸುತ್ತಿಗೆ ಇಡಿ. 5, 10, 20, 30, 60, 90, 120 ನಿಮಿಷಕ್ಕೆ ಒಂದೊಂದು ಫ್ಲಾಸ್ಕ್ ತೆಗೆಯಿರಿ. ಒಂದೇ ಫ್ಲಾಸ್ಕಿನಿಂದ ಪದೇಪದೇ ತೆಗೆದರೆ ನೀರು-ಪುಡಿಯ ಪ್ರಮಾಣ ಬದಲಾಗುತ್ತ ಹೋಗುತ್ತದೆ. ಪ್ರತಿ ಸಮಯಕ್ಕೂ ಮೂರು ಫ್ಲಾಸ್ಕ್ ಇದ್ದರೆ ತಪ್ಪಿನ ಅಂದಾಜೂ ಸಿಗುತ್ತದೆ.

ಇವುಗಳ ಜೊತೆ ಮೂರು ಕಾವಲುಗಾರರು ಇರಲೇಬೇಕು. ಪುಡಿಯೇ ಇಲ್ಲದ ಬಣ್ಣದ ನೀರು, ಗಾಜಿಗೆ ಎಷ್ಟು ಹೋಯಿತೆಂದು ತಿಳಿಯಲು. ಬರೀ ಮ್ಯಾಗ್ನಟೈಟ್ ಹಾಕಿದ ನೀರು. ಬರೀ ಇದ್ದಿಲು ಹಾಕಿದ ನೀರು, ಮಿಶ್ರಣದಲ್ಲಿ ಇರುವಷ್ಟೇ ತೂಕದ್ದು. ಈ ಕೊನೆಯದರ ಫಲಿತಾಂಶ ಮಿಶ್ರಣಕ್ಕಿಂತ ತುಸು ಮೇಲಾಗಿಯೂ ಬರಬಹುದು, ಯಾಕೆಂದರೆ ಮ್ಯಾಗ್ನಟೈಟ್ ಕೆಲವು ರಂಧ್ರಗಳ ಬಾಯಿ ಮುಚ್ಚುತ್ತದೆ. ಹಿಡಿಕೆಗೆ ಕೊಟ್ಟ ಬೆಲೆ ಅದು. ಮುಚ್ಚಿಡಬೇಡಿ, ಬರೆಯಿರಿ.

ಬೇರ್ಪಡಿಸುವಾಗ ಫ್ಲಾಸ್ಕನ್ನು ಕಾಂತದ ಮೇಲೆ ಓರೆಯಾಗಿಡಿ. ಕಪ್ಪು ಒಂದು ಮೂಲೆಗೆ ಸರಿಯುತ್ತ, ಕಂಬಳಿಹುಳದ ಹಾಗೆ ರೋಮ ನಿಮಿರಿಸಿ ಕೂರುತ್ತದೆ. ಎಲ್ಲರೂ ಫೋಟೊ ತೆಗೆಯುವ ಕ್ಷಣ ಇದೇ. ತೆಗೆಯಿರಿ, ಆದರೆ ನೀರು ಕಣ್ಣಿಗೆ ತಿಳಿಯಾದ ತಕ್ಷಣ ಪಿಪೆಟ್ ಇಳಿಸಬೇಡಿ. ತೀರ ಸಣ್ಣ ಕಣಗಳನ್ನು ಕಾಂತ ಬೇಗ ಎಳೆಯಲಾರದು, ಅವು ಇನ್ನೂ ತೇಲುತ್ತಿರುತ್ತವೆ, ಬೆಳಕು ಚದುರಿಸಿ ನಿಮ್ಮ ರೀಡಿಂಗ್ ಕೆಡಿಸುತ್ತವೆ. ಪರೀಕ್ಷೆ ಸುಲಭ: ಅದೇ ಮಾದರಿಯನ್ನು 800 ನ್ಯಾನೊಮೀಟರಿನಲ್ಲಿ ಅಳೆಯಿರಿ. ಅಲ್ಲಿ ಮಿಥಿಲೀನ್ ಬ್ಲೂ ಬೆಳಕು ಹೀರುವುದಿಲ್ಲ. ಸೊನ್ನೆ ಬರದಿದ್ದರೆ ತೇಲುತ್ತಿರುವುದು ಕಣ. ಇನ್ನಷ್ಟು ಹೊತ್ತು ಕಾಯಿರಿ, ಇಲ್ಲವೇ ಸೆಂಟ್ರಿಫ್ಯೂಜ್ ಮಾಡಿ. ಫಿಲ್ಟರ್ ಪೇಪರಿನಲ್ಲಿ ಸೋಸಿದಿರೋ, ಕೆಟ್ಟಿರಿ. ಕಾಗದದ ಸೆಲ್ಯುಲೋಸೇ ಮಿಥಿಲೀನ್ ಬ್ಲೂ ಹಿಡಿದುಕೊಳ್ಳುತ್ತದೆ. ಒಬ್ಬ ವಿದ್ಯಾರ್ಥಿನಿ ಎಲ್ಲ ಮಾದರಿಗಳಲ್ಲೂ ಬಹುತೇಕ ನೂರಕ್ಕೆ ನೂರು ಬಣ್ಣ ಹೋಗಿದೆ ಎಂದು ಕುಣಿಯುತ್ತ ಬಂದಿದ್ದಳು. ಡಸ್ಟ್‌ಬಿನ್ನಿನಲ್ಲಿ ನೋಡಿದರೆ ಎಲ್ಲ ಫಿಲ್ಟರ್ ಪೇಪರುಗಳೂ ಆಕಾಶದ ನೀಲಿ.

ಲೆಕ್ಕ ಹೀಗೆ. ಒಂದು ಮಾದರಿಯನ್ನು ಹತ್ತರಷ್ಟು ತೆಳು ಮಾಡಿ ಅಳೆದಾಗ ಅಳತೆಪಟ್ಟಿಯ ಗೆರೆಯಲ್ಲಿ ಲೀಟರಿಗೆ 0.8 ಮಿ.ಗ್ರಾಂ ಬಂತು ಎನ್ನೋಣ. ಅಂದರೆ ಉಳಿದದ್ದು ಲೀಟರಿಗೆ 8 ಮಿ.ಗ್ರಾಂ, ಹೋದದ್ದು 42. ನಮ್ಮಲ್ಲಿದ್ದ ನೀರು 0.05 ಲೀಟರ್, ಆದ್ದರಿಂದ ಪುಡಿಗೆ ಅಂಟಿದ ಬಣ್ಣ 2.1 ಮಿ.ಗ್ರಾಂ. ಪುಡಿ 0.025 ಗ್ರಾಂ. ಭಾಗಿಸಿದರೆ ಗ್ರಾಂಗೆ 84 ಮಿ.ಗ್ರಾಂ. ಶೇಕಡಾವಾರು ಹೇಳಿದರೆ 84. ಎರಡೂ ಸಂಖ್ಯೆ ಇಲ್ಲಿ ಒಂದೇ ಆಗಿರುವುದು ನಾನು ಆರಿಸಿದ ಅಂಕಿಗಳ ಆಟ, ಮೋಸ ಹೋಗಬೇಡಿ. ಶೇಕಡಾವಾರನ್ನು ಪುಡಿ ಸುರಿದು ಎಷ್ಟಕ್ಕೆ ಬೇಕಾದರೂ ಏರಿಸಬಹುದು. ಗ್ರಾಂಗೆ ಎಷ್ಟು ಹಿಡಿಯಿತು ಎಂಬುದೇ ಪುಡಿಯ ಯೋಗ್ಯತೆ.

ಪುಡಿ ಗರಿಷ್ಠ ಎಷ್ಟು ಹಿಡಿಯಬಲ್ಲದು ಎಂದು ತಿಳಿಯಲು ಬಣ್ಣದ ಸಾಂದ್ರತೆಯನ್ನು ಲೀಟರಿಗೆ 10ರಿಂದ 300 ಮಿ.ಗ್ರಾಂವರೆಗೆ ಬದಲಿಸಿ, 24 ಗಂಟೆ ಬಿಟ್ಟು ಅಳೆಯಿರಿ. ಉಷ್ಣತೆ ಬದಲಾಗದಿರಲಿ. ಉಳಿದ ಸಾಂದ್ರತೆ ಅಡ್ಡಕ್ಕೆ, ಗ್ರಾಂಗೆ ಹಿಡಿದದ್ದು ಉದ್ದಕ್ಕೆ ಇಟ್ಟು ನಕ್ಷೆ ಬರೆದರೆ ಗೆರೆ ಏರುತ್ತ ಹೋಗಿ ಮಟ್ಟಸವಾಗಬೇಕು. ಮಟ್ಟಸವಾಗುವ ಮೊದಲೇ ನಿಲ್ಲಿಸಿ, ಇಂಥ ಗೆರೆಯಿಂದ ಗರಿಷ್ಠ ಹಿಡಿತ ಲೆಕ್ಕಹಾಕುವ ಲ್ಯಾಂಗ್ಮ್ಯೂರ್ ಸೂತ್ರಕ್ಕೆ ಹಾಕಿದರೆ ಬರುವ ಗರಿಷ್ಠ ಮೌಲ್ಯ ಬರೀ ಊಹೆ.

ಇನ್ನು ಬಣ್ಣ ಅಂಟುವ ವೇಗಕ್ಕೆ ಎಲ್ಲರೂ ಹಾಕುವ ಆ ಸುಪ್ರಸಿದ್ಧ ‘ಸ್ಯೂಡೊ ಸೆಕೆಂಡ್ ಆರ್ಡರ್’ ಸೂತ್ರ. ಸಮಯವನ್ನು ಹಿಡಿದ ಪ್ರಮಾಣದಿಂದ ಭಾಗಿಸಿ, ಅದನ್ನು ಮತ್ತೆ ಸಮಯದ ಎದುರಿಗಿಟ್ಟು ಗೆರೆ ಎಳೆಯುತ್ತಾರೆ, ಹೊಂದಿಕೆಯ ಅಂಕಿ (R²) 0.999 ಬಂತು ಎನ್ನುತ್ತಾರೆ. ಸಮಯ ಎರಡೂ ಕಡೆ ಇರುವಾಗ ನೆಟ್ಟಗಿನ ಗೆರೆ ಬಾರದೇ ಇನ್ನೇನು? ಸಮತೋಲ ಮುಟ್ಟಿದ ಮೇಲಿನ ಬಿಂದುಗಳನ್ನು ಹೆಚ್ಚು ಸೇರಿಸಿದಷ್ಟೂ ಗೆರೆ ಚಂದವಾಗುತ್ತದೆ. ಅಷ್ಟರಿಂದಲೇ ‘ರಾಸಾಯನಿಕ ಬಂಧ ಏರ್ಪಟ್ಟಿದೆ’ ಎಂದು ತೀರ್ಪು ಕೊಡುವುದು ಅನ್ಯಾಯ. ವಕ್ರರೇಖೆಗೆ ವಕ್ರವಾಗಿಯೇ ಹೊಂದಿಸಿ, ಮೊದಲ ಹತ್ತು-ಇಪ್ಪತ್ತು ನಿಮಿಷಗಳ ಬಿಂದುಗಳನ್ನು ಹೆಚ್ಚು ತೆಗೆದುಕೊಳ್ಳಿ.

ನಿಜವಾದ ಬಣ್ಣದ ಮನೆಯ ನೀರು

ಲ್ಯಾಬಿನ ನೀಲಿ ನೀರು ಸಾಧು ಪ್ರಾಣಿ. ಇಳಕಲ್ಲು, ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಬಣ್ಣ ಹಾಕಿದ ಮೇಲೆ ಹೊರಗೆ ಬರುವ ನೀರು ಹಾಗಿರುವುದಿಲ್ಲ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಉಪ್ಪು ಸುರಿಯುತ್ತಾರೆ, ಸೋಡಾ ಹಾಕುತ್ತಾರೆ, ಆ ನೀರು ಕ್ಷಾರೀಯ. ಗಂಜಿ, ಸೋಪು ಬೇರೆ. ರಿಯಾಕ್ಟಿವ್ ಬಣ್ಣಗಳು ಋಣ ಆವೇಶದವು. ಕ್ಷಾರದಲ್ಲಿ ಪುಡಿಯ ಮೈಯೂ ಋಣ, ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಅಂಥ ನೀರಿಗೆ ಪುಡಿ ಹಾಕುವ ಮೊದಲು ಪಿಎಚ್ ಇಳಿಸಬೇಕು. 6, 5, 4 ಎಂದು ಇಳಿಸುತ್ತ ಹೋಗಿ ಎಲ್ಲಿ ಚೆನ್ನಾಗಿ ಹಿಡಿಯುತ್ತದೆ ನೋಡಿ. ತೀರ ಕೆಳಗೆ ಹೋದರೆ ಹಿಡಿಕೆಯೇ ಕರಗುತ್ತದೆ, ಆಮ್ಲಕ್ಕೆ ಮ್ಯಾಗ್ನಟೈಟ್ ತಾಳುವುದಿಲ್ಲ.

ಬಳ್ಳಾರಿಯ ಜೀನ್ಸ್ ತೊಳೆದ ನೀರಿಗೆ ಇದನ್ನು ಬಳಸಬಹುದಾ ಎಂದು ಕೇಳುವವರಿದ್ದಾರೆ. ಜೀನ್ಸಿನ ನೀಲಿ ಇಂಡಿಗೊ. ಗಾಳಿಗೆ ಬಂದ ಇಂಡಿಗೊ ನೀರಿನಲ್ಲಿ ಕರಗುವುದೇ ಇಲ್ಲ, ಸಣ್ಣ ಕಣಗಳಾಗಿ ತೇಲುತ್ತದೆ. ಕರಗದ್ದನ್ನು ಪಟಿಕ ಹಾಕಿ ಕೆಳಗಿಳಿಸುವುದು ಅಗ್ಗ. ಅದಾದ ಮೇಲೂ ಉಳಿಯುವ ಕರಗಿದ ಬಣ್ಣಕ್ಕೆ ಬೇಕಾದರೆ ನಮ್ಮ ಪುಡಿ. ಎಲ್ಲ ರೋಗಕ್ಕೂ ಒಂದೇ ಕಷಾಯ ಕುಡಿಸಬಾರದು.

ನಿಜವಾದ ಮಾದರಿ ಸಿಕ್ಕಾಗ ಬಣ್ಣದ ಜೊತೆ ಸಿಒಡಿಯನ್ನೂ, ಅಂದರೆ ನೀರಿನ ಕೊಳೆಯನ್ನು ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆಯನ್ನೂ, ಅಳೆಯಿರಿ. ಬಣ್ಣ ಮಾಯವಾಗಿ ಸಿಒಡಿ ಇದ್ದಲ್ಲೇ ಇದ್ದರೆ, ಕಣ್ಣಿಗೆ ಕಂಡದ್ದು ಮಾತ್ರ ಹೋಗಿದೆ.

ತೊಳೆದು ಮತ್ತೆ ಬಳಸುವುದು

ಬಳಸಿದ ಪುಡಿಯನ್ನು ಕಾಂತದಿಂದ ಹಿಡಿದು, ಎಥನಾಲಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಅದರಲ್ಲಿ ಅರ್ಧ ಗಂಟೆ ಅಲುಗಿಸಿ. ನೀಲಿ ಹೊರಬರುತ್ತದೆ. ಪೂರ್ತಿ ಬರುವುದಿಲ್ಲ, ಇದ್ದಿಲು ಹಿಡಿದದ್ದನ್ನು ಸುಲಭಕ್ಕೆ ಬಿಡದು. ನೀರಿನಲ್ಲಿ ತೊಳೆದು, ಒಣಗಿಸಿ, ತೂಕ ನೋಡಿ, ಮತ್ತೆ ಬಳಸಿ. ಇಲ್ಲಿ ತೂಕ ನೋಡುವುದನ್ನು ಬಿಟ್ಟವರೇ ಹೆಚ್ಚು. ಪ್ರತಿ ಸುತ್ತಿನಲ್ಲೂ ಸ್ವಲ್ಪ ಪುಡಿ ಬಸಿಯುವಾಗ ಹೋಗಿರುತ್ತದೆ, ಸಾಮರ್ಥ್ಯ ಕುಸಿಯಿತೆಂದು ಬರೆಯುತ್ತಾರೆ, ಕುಸಿದದ್ದು ಪುಡಿಯ ತೂಕ. ಐದು ಸುತ್ತು ಮಾಡಿದರೆ ಸಾಕು.

ಪ್ರತಿ ಸುತ್ತಿನ ನೀರಿನಲ್ಲಿ ಕರಗಿದ ಕಬ್ಬಿಣವನ್ನೂ ಅಳೆಯಿರಿ. ಹೈಡ್ರಾಕ್ಸಿಲಮೀನ್ ಹಾಕಿ ಎಲ್ಲವನ್ನೂ ಫೆರಸ್ ಮಾಡಿ, ಫಿನಾಂತ್ರೊಲೀನ್ ಸೇರಿಸಿದರೆ ಕಿತ್ತಳೆ-ಕೆಂಪು ಬರುತ್ತದೆ, 510 ನ್ಯಾನೊಮೀಟರಿನಲ್ಲಿ ಓದಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರಲ್ಲಿ ಕಬ್ಬಿಣದ ಮಿತಿ ಮೊದಲು ಲೀಟರಿಗೆ 0.3 ಮಿ.ಗ್ರಾಂ ಇತ್ತು, ನಂತರದ ತಿದ್ದುಪಡಿಯಲ್ಲಿ 1.0 ಆಯಿತು. ನಮ್ಮ ನೀರು ಕುಡಿಯಲಿಕ್ಕಲ್ಲ, ಆದರೂ ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕಲ್ಲ.

ಆ ನೀಲಿ ಈಗೆಲ್ಲಿದೆ?

ನೀರಿನಿಂದ ಪುಡಿಗೆ ಹೋಯಿತು, ಪುಡಿಯಿಂದ ಎಥನಾಲಿಗೆ ಬಂತು. ಒಂದು ಅಣುವೂ ನಾಶವಾಗಿಲ್ಲ, ಮನೆ ಬದಲಿಸಿದೆ ಅಷ್ಟೆ. ವೈವಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದೇ, ಹೆಚ್ಚಿನವರು ಸಿಂಕಿನ ಕಡೆ ನೋಡುತ್ತಾರೆ.

ಒಂದು ದಾರಿ ಫೆಂಟನ್ ಕ್ರಿಯೆ. ಬಣ್ಣ ಹಿಡಿದ ಪುಡಿಯನ್ನು ಪಿಎಚ್ 3ರ ನೀರಿನಲ್ಲಿ ಬೆರೆಸಿ, ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಕಬ್ಬಿಣ ಅದನ್ನು ಒಡೆದು, ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಬಣ್ಣವನ್ನು ಕಡಿಯುತ್ತವೆ. ಇಲ್ಲಿ ಹಿಡಿಕೆಯೂ ಕೈಜೋಡಿಸಿ ದುಡಿಯುತ್ತದೆ. ಮುಚ್ಚಿದ ಬಾಟಲಿಯಲ್ಲಿ ಮಾತ್ರ ಮಾಡಬೇಡಿ, ಆಮ್ಲಜನಕ ನೊರೆಯುಕ್ಕಿ ಬಾಟಲಿ ಸಿಡಿಯಬಹುದು. ಆ ಮೇಲೆ ಸಿಒಡಿ ಅಳೆಯುವುದಾದರೆ ಉಳಿದ ಪೆರಾಕ್ಸೈಡನ್ನು ಮೊದಲು ತೆಗೆಯಿರಿ, ಅದು ಆ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟಿನೊಡನೆ ಸೇರಿ ಅಂಕಿಯನ್ನು ಹೆಚ್ಚು ತೋರಿಸುತ್ತದೆ.

ಅದು ಆಗದವರು ನೀಲಿ ಎಥನಾಲನ್ನು ಸಾವಯವ ತ್ಯಾಜ್ಯದ ಕ್ಯಾನಿಗೆ ಹಾಕಿ. ಸೋತ ಪುಡಿಯನ್ನು ಒಣಗಿಸದೆ, ಒದ್ದೆಯಾಗಿಯೇ, ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಮೇಲೆ ಒಳಗೇನಿದೆ, ಎಷ್ಟು ಗ್ರಾಂ, ಯಾವ ಬಣ್ಣ, ಯಾವ ತಾರೀಖು ಎಂದು ಅಳಿಸದ ಶಾಯಿಯಲ್ಲಿ ಬರೆದಂಟಿಸಿ. ಕಾಲೇಜಿನ ಅಪಾಯಕಾರಿ ತ್ಯಾಜ್ಯ ಒಯ್ಯುವವರು ಬಂದಾಗ ಕೊಡಿ. ಬರುವವರೆಗೆ ಬಾಟಲಿ ಕಪಾಟಿನ ಕೆಳಗಿನ ಹಲಗೆಯಲ್ಲಿರಲಿ, ಪಕ್ಕದಲ್ಲಿ ಕಾಂತ ಇಡಬೇಡಿ.